ನಾಲಿಗೆ ಕೆಳಗಿನ ಮಾತ್ರೆ

ಮಾತ್ರೆಯ ಹೆಸರು ಓದುವುದೇ ನನ್ನ ಹೊಟ್ಟೆಪಾಡು. ಡಿ. ಫಾರ್ಮಾ ಮುಗಿಸಿ ಹಾಸನದ ಒಂದು ಮೆಡಿಕಲ್ ಶಾಪಿಗೆ ಸೇರಿ ಒಂಬತ್ತು ವರ್ಷ ಆಯಿತು. ಡಾಕ್ಟರು ಎಷ್ಟೇ ಗೀಚಿ ಬರೆದಿರಲಿ, ಮೊದಲ ಎರಡು ಅಕ್ಷರ ಕಂಡರೆ ಸಾಕು, ಕೈ ತಾನಾಗೇ ಸರಿಯಾದ ಗೂಡಿಗೆ ಹೋಗುತ್ತದೆ. 2023ರ ಏಪ್ರಿಲ್ ತಿಂಗಳ ಒಂದು ಭಾನುವಾರ ಬಟ್ಟೆ ನೆನೆಸೋಕೆ ಅಂತ ತಮ್ಮನ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಸ್ಟ್ರಿಪ್ ಒಂದು ಸಿಕ್ಕಿತು. ತಿರುಗಿಸಿ ಓದುವ ಅಗತ್ಯವೇ ಬೀಳಲಿಲ್ಲ. ಟ್ಯಾಪೆಂಟಡಾಲ್. ಹತ್ತಕ್ಕೆ ಹತ್ತೂ ಖಾಲಿ.

ನಲ್ಲಿ ಬಿಟ್ಟಿದ್ದೆ. ಬಕೆಟ್ ತುಂಬಿ ಚೆಲ್ಲಿ ಬಚ್ಚಲೆಲ್ಲ ನೀರಾದರೂ ನಾನು ಆ ಸ್ಟ್ರಿಪ್ ಹಿಡಿದುಕೊಂಡೇ ಕೂತಿದ್ದೆ.

ಆಪರೇಷನ್ ಆದವರಿಗೆ, ತಡೆಯಲಾಗದ ನೋವಿರುವವರಿಗೆ ಬರೆದುಕೊಡುವ ಮಾತ್ರೆ ಅದು. ಮಿದುಳಿನಲ್ಲಿ ಅಫೀಮು ಹೋಗಿ ಕೂರುವ ಜಾಗದಲ್ಲೇ ಇದೂ ಹೋಗಿ ಕೂರುತ್ತದೆ. ಮೊದಲು ಹುಡುಗರು ಇದೇ ಜಾತಿಯ ಟ್ರಮಡಾಲ್ ಕೇಳಿಕೊಂಡು ಬರುತ್ತಿದ್ದರು. 2018ರಲ್ಲಿ ಅದು ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂತು. ಆಮೇಲೆ ನಮ್ಮ ಕೌಂಟರಿನಲ್ಲಿ ಟ್ಯಾಪೆಂಟಡಾಲ್ ಕೇಳುವವರು ಜಾಸ್ತಿಯಾದರು. ಸಂಜೆ ಏಳರ ಮೇಲೆ ಬರುತ್ತಾರೆ. ಸೆಖೆಯಲ್ಲೂ ತುಂಬು ತೋಳಿನ ಅಂಗಿ. ಮುಖ ನೋಡಿ ಮಾತಾಡುವುದಿಲ್ಲ. 'ಚೀಟಿ ಇಲ್ದೆ ಕೊಡಲ್ಲ, ನಡಿ' ಅಂತ ಗದರಿಸಿ ಕಳಿಸುತ್ತಿದ್ದೆ. ನನ್ನ ಕೆಲಸ ನಾನು ಸರಿಯಾಗಿ ಮಾಡಿದೆ ಅನ್ನುವ ಸಮಾಧಾನ ಇತ್ತು. ಅಂಥದೇ ಒಬ್ಬ ಹುಡುಗ ಪ್ರತಿ ರಾತ್ರಿ ನನ್ನ ಮನೆಯಲ್ಲೇ ಊಟ ಮಾಡುತ್ತಿದ್ದ, ನಾನೇ ಬಡಿಸುತ್ತಿದ್ದೆ.

ಕಣ್ಣಿಗೆ ಕಾಣುವ ಹಾಗೇ ಎಲ್ಲ ಇತ್ತು. ಬಚ್ಚಲಿಗೆ ಹೋದರೆ ಮುಕ್ಕಾಲು ಗಂಟೆ. ಯಾವಾಗಲೂ ಮೂಗು ಕೆರೆದುಕೊಳ್ಳುವುದು. ಕೂತಲ್ಲೇ ತೂಕಡಿಕೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣ. ನನ್ನ ಕಾಲ್ಗೆಜ್ಜೆ ಕಾಣದಾದಾಗ ಕೆಲಸದವಳ ಮೇಲೆ ಅನುಮಾನ ಪಟ್ಟಿದ್ದೆ. ಆ ಪಾಪ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆಮೇಲೆ ಅವಳ ಮನೆಗೆ ಹೋಗಿ ಕೈ ಮುಗಿದು ಬಂದೆ.

ನಮ್ಮೂರು ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ. ಎರಡೂವರೆ ಎಕರೆ ಕಾಫಿ, ಅದರ ಮಧ್ಯೆ ಮೆಣಸಿನ ಬಳ್ಳಿ. ಅಪ್ಪ ಹೋದ ಮೇಲೆ ತೋಟ ಅವ್ವನ ಕೈಲಿದೆ. ತಮ್ಮ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದ. ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ರೇಟಿಲ್ಲ. ಸಾಲ ಮೈಮೇಲೆ ಬಂತು. ಹಾಸನಕ್ಕೆ ಬಂದು ನನ್ನ ಜೊತೆ ಇದ್ದುಕೊಂಡು ಗೂಡ್ಸ್ ಗಾಡಿ ಓಡಿಸತೊಡಗಿದ. ಬೈಕಿನಿಂದ ಬಿದ್ದು ಭುಜದ ಕೀಲು ತಪ್ಪಿದಾಗ ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದರು. ಆರನೇ ದಿನದಿಂದ ಗಾಡಿ ಸ್ಟ್ಯಾಂಡಿನ ಗೆಳೆಯನೊಬ್ಬ ತಂದುಕೊಟ್ಟ. ಆಮೇಲೆ ನುಂಗುವುದು ಸಾಲದೆ ಸಿರಿಂಜಿಗೆ ಬಂದ. ಬಹಳ ದಿನದ ನಂತರ ಒಮ್ಮೆ ಹೇಳಿದ, 'ಮೊದಲನೇ ದಿನ ಭುಜದ ನೋವು ಹೋಯ್ತು ಅಕ್ಕ. ಅದರ ಜೊತೆಗೆ ಸೊಸೈಟಿ ಸಾಲನೂ ಮರೆತೋಯ್ತು. ಎರಡು ವರ್ಷದಲ್ಲಿ ಅವತ್ತೊಂದು ದಿನ ನಿದ್ದೆ ಬಂದಿತ್ತು.'

ಸಿರಿಂಜಿನಲ್ಲಿ ಹೋಗಬೇಕಾದ ವಸ್ತುವಲ್ಲ ಅದು. ಮಾತ್ರೆ ಗಟ್ಟಿಯಾಗಿರಲಿ ಅಂತ ಹಿಟ್ಟು, ಪುಡಿ ಏನೇನೋ ಸೇರಿಸಿರುತ್ತಾರೆ. ಅವು ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತವೆ, ಕೀವಾಗುತ್ತದೆ. ಅವನ ಎಡಗೈ ತೋಳು ಮಡಿಚಿ ನೋಡಿದಾಗ ನರ ಹಗ್ಗದ ಹಾಗೆ ಗಟ್ಟಿಯಾಗಿತ್ತು. ಮೊಣಕೈ ಒಳಗಡೆ ಕಪ್ಪು ಗಾಯ. ಅದನ್ನು ಮುಟ್ಟಿದರೂ ಅವನು ಕೈ ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ.

ಮನೆಯವರಿಗೆ ಹೇಳಿದ ಮೇಲೆ ಒಬ್ಬೊಬ್ಬರದು ಒಂದೊಂದು ಸಲಹೆ. ಮದುವೆ ಮಾಡಿ, ಸರಿಹೋಗ್ತಾನೆ. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಡುವ ಪುಡಿ ಸಿಗುತ್ತೆ, ತರಿಸಿ. ಕೊನೆಗೆ ಚಿಕ್ಕಪ್ಪ ಒಂದು ಖಾಸಗಿ ಸೆಂಟರ್ ವಿಚಾರಿಸಿಕೊಂಡು ಬಂದರು. ಅದರ ಹೆಸರು, ಊರು ನಾನು ಬರೆಯುವುದಿಲ್ಲ. ಮೂರು ತಿಂಗಳಿಗೆ ಇಷ್ಟು ಅಂತ ದುಡ್ಡು. ಜೂನ್ ತಿಂಗಳ ಒಂದು ಬೆಳಗಿನ ಜಾವ ನಾಲ್ಕು ಜನ ಬಂದು, ಮಲಗಿದ್ದವನನ್ನು ಎಬ್ಬಿಸಿ, ಕೈ ಹಿಡಿದು ಕಾರಿಗೆ ಹತ್ತಿಸಿಕೊಂಡು ಹೋದರು. 'ಅಕ್ಕ, ನೀನಾದ್ರೂ ಹೇಳಕ್ಕ' ಅಂತ ಕೂಗಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನ ಒಳ್ಳೆಯದಕ್ಕೇ ಅಂದುಕೊಂಡಿದ್ದೆ.

ಅಲ್ಲಿ ಡಾಕ್ಟರೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ವಿತ್‌ಡ್ರಾವಲ್, ಅಂದರೆ ಔಷಧ ನಿಲ್ಲಿಸಿದಾಗ ಮೈ ಪಡುವ ಸಂಕಟ, ಬಂದಾಗ ತಣ್ಣೀರು ಸುರಿದು ಕೋಣೆಗೆ ಹಾಕಿ ಬೀಗ ಹಾಕುತ್ತಿದ್ದರಂತೆ. ಏಳನೇ ವಾರಕ್ಕೆ ಅವ್ವ ಹಟ ಹಿಡಿದು ನೋಡಲು ಹೋದರು. ಬೆನ್ನ ಮೇಲಿನ ಬರೆ ಕಂಡು ಅಲ್ಲಿಂದಲೇ ಕರೆದುಕೊಂಡು ಬಂದರು. ಇಂಥ ಜಾಗಗಳಿಗೆ ಕಾನೂನು ಇಲ್ಲ ಅಂತ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಮಾದಕ ವಸ್ತುವಿನಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ತೆಗೆದುಕೊಂಡಿದೆ. ಸೆಂಟರ್‌ಗೆ ನೋಂದಣಿ ಇರಬೇಕು. ಸರಪಳಿ ಹಾಕಿ ಕಟ್ಟುವ ಹಾಗಿಲ್ಲ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ, ಡಾಕ್ಟರು ಯಾವಾಗ ಬರ್ತಾರೆ ಹೇಳಿ ಅಂತ ಎರಡು ಮಾತು ಕೇಳಿದ್ದರೆ ಸಾಕಿತ್ತು. ಬೇರೆಯವರ ಚೀಟಿಯಲ್ಲಿ ಡಾಕ್ಟರ ನೋಂದಣಿ ನಂಬರ್ ಇದೆಯಾ ಅಂತ ದಿನಾ ನೋಡುವವಳು ನಾನು. ನನ್ನ ತಮ್ಮನ ವಿಷಯದಲ್ಲಿ ಕೇಳಲಿಲ್ಲ.

ಮನೆಗೆ ಬಂದವನು ಹತ್ತು ದಿನ ಚೆನ್ನಾಗಿದ್ದ. ಮೈಗೆ ಸ್ವಲ್ಪ ರಕ್ತ ಬಂದ ಹಾಗೆ ಕಾಣುತ್ತಿದ್ದ. ಬಿಟ್ಟೇ ಬಿಟ್ಟ ಅಂದುಕೊಂಡೆವು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಇದನ್ನು ತಿಳಿಯದೆ ಎಷ್ಟೋ ಮನೆಯವರು ಮಕ್ಕಳನ್ನು ಕಳೆದುಕೊಳ್ಳುತ್ತಾರೆ. ಈ ಜಾತಿಯ ಔಷಧಕ್ಕೆ ಮೈ ಒಗ್ಗಿದಷ್ಟೂ ಹೆಚ್ಚು ಹೆಚ್ಚು ಬೇಕಾಗುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೊಂಡ ಶಕ್ತಿ ಹೊರಟುಹೋಗುತ್ತದೆ. ಮನಸ್ಸು ಮಾತ್ರ ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ. ಬಿಟ್ಟವನು ಮತ್ತೆ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಸೆಂಟರಿನಿಂದ, ಜೈಲಿನಿಂದ ಹೊರಗೆ ಬಂದ ಮೊದಲ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದ ದಿನಗಳು. ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ಆಗಸ್ಟ್ ತಿಂಗಳು. ಹೊರಗೆ ಜಿಟಿಜಿಟಿ ಮಳೆ. ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕರೆದೆ. ಉತ್ತರ ಇಲ್ಲ. ಬಾಗಿಲು ತಳ್ಳಿದೆ. ಗೋಡೆಗೆ ಒರಗಿ ಕೂತಿದ್ದಾನೆ, ತಲೆ ಎದೆ ಮೇಲೆ ಬಿದ್ದಿದೆ. ತುಟಿ ನೇರಳೆ ಹಣ್ಣಿನ ಬಣ್ಣ. ಗಂಟಲಿನಿಂದ ಗೊರಕೆಯಂಥ ಒಂದು ಸದ್ದು, ಆಮೇಲೆ ಏನೂ ಇಲ್ಲ. ಗೋಡೆ ಗಡಿಯಾರದ ಮುಳ್ಳು ನೋಡಿಕೊಂಡು ಎಣಿಸಿದೆ. ನಿಮಿಷಕ್ಕೆ ಐದು ಉಸಿರು. ಹನ್ನೆರಡಕ್ಕಿಂತ ಕಡಿಮೆ ಇರಬಾರದು. 108ಕ್ಕೆ ಫೋನ್ ಮಾಡಿ ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದೆ. ಮಗ್ಗುಲಾಗಿ ಮಲಗಿಸಿದೆ, ವಾಂತಿ ಬಂದರೆ ಗಂಟಲಿಗೆ ಸಿಕ್ಕಿಕೊಳ್ಳಬಾರದು ಅಂತ. ಕೆನ್ನೆ ತಟ್ಟಿ ತಟ್ಟಿ, 'ಉಸಿರಾಡೋ, ಇನ್ನೊಂದು ಉಸಿರು ತಗೋ' ಅಂತ ಹೇಳುತ್ತಲೇ ಇದ್ದೆ. ಹೇಳಿದಾಗ ಎಳೆದುಕೊಳ್ಳುತ್ತಿದ್ದ. ಸುಮ್ಮನಾದರೆ ನಿಂತುಹೋಗುತ್ತಿತ್ತು. ಆಂಬುಲೆನ್ಸ್ ಬರುವವರೆಗೂ ಅವನ ಪ್ರತಿ ಉಸಿರಿಗೂ ನಾನು ಬಾಯಿಬಿಟ್ಟು ಹೇಳಬೇಕಾಯಿತು.

ಆಸ್ಪತ್ರೆಯಲ್ಲಿ ನಾಲಾಕ್ಸೋನ್ ಇಂಜೆಕ್ಷನ್ ಕೊಟ್ಟರು. ಎರಡೇ ನಿಮಿಷದಲ್ಲಿ ಕಣ್ಣು ಬಿಟ್ಟ. ಮಿದುಳಿನ ಆ ಜಾಗದಿಂದ ಅಫೀಮಿನ ಜಾತಿಯ ಔಷಧವನ್ನು ಎಬ್ಬಿಸಿ ತಾನು ಕೂರುತ್ತದೆ ನಾಲಾಕ್ಸೋನ್. ಆದರೆ ಅದರ ಬಲ ಬೇಗ ಇಳಿಯುತ್ತದೆ, ಒಳಗಿರುವ ಮಾತ್ರೆ ಮತ್ತೆ ಮೇಲೇಳಬಹುದು. ಹಾಗಾಗಿ ರಾತ್ರಿಯೆಲ್ಲ ಕಣ್ಣಿಟ್ಟಿದ್ದರು. ಬೆಳಿಗ್ಗೆ ಅಲ್ಲಿಂದಲೇ ಮನೋವೈದ್ಯರ ಒಪಿಡಿಗೆ ಕಳಿಸಿದರು.

ಆ ಡಾಕ್ಟರಮ್ಮನಿಗೆ ನನ್ನ ವಯಸ್ಸೇ ಇರಬೇಕು. ನನ್ನನ್ನು ಹೊರಗೆ ಕೂರಿಸಿ ಮೊದಲು ಅವನ ಜೊತೆ ಅರ್ಧ ಗಂಟೆ ಮಾತಾಡಿದರು. ಆಮೇಲೆ ಕರೆದು, 'ನೀವು ಇದನ್ನ ಚಟ ಅಂತೀರಿ. ಬಿಪಿ, ಶುಗರ್ ಥರ ದೀರ್ಘ ಕಾಲದ ಕಾಯಿಲೆ ಅಂದ್ಕೊಳ್ಳಿ. ಬಿಡಿಸೋದು ಹತ್ತು ದಿನದ ಕೆಲಸ. ಬಿಟ್ಟ ಮೇಲೆ ನಿಲ್ಲಿಸಿಕೊಳ್ಳೋದು ವರ್ಷಗಟ್ಟಲೆ ಕೆಲಸ' ಅಂದರು. ಅಷ್ಟು ದಿನ ನಾವು ಆ ಹತ್ತು ದಿನದ ಕೆಲಸದ ಹಿಂದೆಯೇ ಬಿದ್ದಿದ್ದೆವು.

ಪೊಲೀಸ್ ಕೇಸಾಗುತ್ತಾ ಅಂತ ಅವ್ವ ಅಳುತ್ತಿದ್ದರು. ಚಿಕಿತ್ಸೆಗೆ ಬಂದವರನ್ನು ಹಿಡಿದುಕೊಡೋಕೆ ನಾವಿಲ್ಲಿ ಕೂತಿಲ್ಲ ಅಂತ ಡಾಕ್ಟರಮ್ಮ ಹೇಳಿದರು. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮನ್ನೂ ತಿಳಿಸಿದರು. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನೇ ಮುಂದೆ ಬಂದು, ಮಾನ್ಯತೆ ಇರುವ ಕಡೆ ಚಿಕಿತ್ಸೆ ಪೂರ್ತಿ ತೆಗೆದುಕೊಂಡರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಈ ಭಯಕ್ಕೇ ನಾವು ನಾಲ್ಕು ತಿಂಗಳು ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ.

ಸೂಜಿ ಹಂಚಿಕೊಂಡಿದ್ದೀಯಾ ಅಂತ ಕೇಳಿದಾಗ ತಲೆ ಬಗ್ಗಿಸಿದ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರಕ್ಕೂ ರಕ್ತ ಕೊಟ್ಟ. ಎಚ್‌ಐವಿ ಇರಲಿಲ್ಲ. ಹೆಪಟೈಟಿಸ್ ಸಿ ಇತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಆದರೆ ಅದು ಪೂರ್ತಿ ವಾಸಿಯಾಗುವ ಕಾಯಿಲೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. 12 ವಾರ ಮಾತ್ರೆ ನುಂಗಿದ. ಮುಗಿಸಿ ಮೂರು ತಿಂಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಸಿಗಲಿಲ್ಲ.

ಇಷ್ಟೆಲ್ಲ ಆದರೂ ಅವನು ಮತ್ತೆ ತೆಗೆದುಕೊಳ್ಳುತ್ತಿದ್ದ. ಸತ್ತು ಬದುಕಿದವನು ಮತ್ತೆ ಅದಕ್ಕೇ ಹೋಗುತ್ತಾನಾ ಅಂತ ಚಿಕ್ಕಪ್ಪ ಸಿಟ್ಟಾದರು. ವಿತ್‌ಡ್ರಾವಲ್ ಕಣ್ಣಾರೆ ನೋಡಿದವರು ಹಾಗೆ ಕೇಳುವುದಿಲ್ಲ. ನಾನು ರೈಲಿನಲ್ಲಿ ನೋಡಿದೆ.

ಡಾಕ್ಟರಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟಿದ್ದರು. ಅಲ್ಲಿ ವ್ಯಸನಕ್ಕೆ ಅಂತಲೇ ಬೇರೆ ವಿಭಾಗ ಇದೆ. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತೆಗೆದುಕೊಳ್ಳಬಾರದು, ವಿತ್‌ಡ್ರಾವಲ್ ಶುರುವಾದ ಮೇಲೆಯೇ ಹೊಸ ಔಷಧ ಕೊಡಲು ಆಗುವುದು ಅಂತಲೂ ಹೇಳಿದ್ದರು. ಬೆಳಗಿನ ರೈಲು ಹತ್ತಿದೆವು. ಶ್ರವಣಬೆಳಗೊಳ ಬರುವಷ್ಟರಲ್ಲಿ ಆಕಳಿಕೆ ಶುರುವಾಯಿತು. ಒಂದರ ಹಿಂದೆ ಒಂದು, ದವಡೆ ಕಳಚಿ ಹೋಗುವ ಹಾಗೆ. ಆಮೇಲೆ ಮೂಗು, ಕಣ್ಣು ಎರಡರಲ್ಲೂ ನೀರು. ತೋಳಿನ ಮೇಲೆ ರೋಮವೆಲ್ಲ ಎದ್ದು ನಿಂತಿತ್ತು, ಪುಕ್ಕ ತರಿದ ಕೋಳಿಯ ಚರ್ಮದ ಹಾಗೆ. ಬೆವರು ಸುರಿಯುತ್ತಿದೆ, ಚಳಿ ಅಂತ ನನ್ನ ಶಾಲು ಹೊದ್ದಿದ್ದಾನೆ. ಕುಣಿಗಲ್ ದಾಟಿದ ಮೇಲೆ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಎದುರು ಸೀಟಿನ ಕಬ್ಬಿಣಕ್ಕೆ ಒದ್ದುಕೊಳ್ಳುತ್ತಲೇ ಇತ್ತು. ಎದುರಿಗೆ ಕೂತ ಹೆಂಗಸು ಜ್ವರಾನಾ ಅಂತ ಕೇಳಿದರು. ಹೌದು ಅಂದೆ. 'ಮೂಳೆ ಒಳಗೆ ಇರುವೆ ಹರಿದಂಗೆ ಆಗ್ತಿದೆ ಅಕ್ಕ' ಅಂದ. ಒಂದು ಮಾತ್ರೆ ಬಾಯಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಇದೆಲ್ಲ ನಿಲ್ಲುತ್ತದೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಯಶವಂತಪುರದಲ್ಲಿ ಇಳಿದಾಗ ಅವನು ಓಡಿಹೋಗದೆ ನನ್ನ ಹಿಂದೆ ಬಂದನಲ್ಲ, ಅದಕ್ಕಿಂತ ದೊಡ್ಡ ಗಟ್ಟಿತನ ನಾನು ಯಾರಲ್ಲೂ ನೋಡಿಲ್ಲ.

ಮಧ್ಯಾಹ್ನ ಮೊದಲ ಮಾತ್ರೆ ಕೊಟ್ಟರು. ಬುಪ್ರೆನಾರ್ಫಿನ್ ಮತ್ತು ನಾಲಾಕ್ಸೋನ್ ಸೇರಿದ್ದು. ನುಂಗುವ ಹಾಗಿಲ್ಲ. ನಾಲಿಗೆ ಕೆಳಗೆ ಇಟ್ಟುಕೊಂಡು ಕರಗುವವರೆಗೆ ಬಾಯಿ ಬಿಡಬಾರದು. ಒಂದು ಗಂಟೆ ಆಗಿರಬೇಕು. ಅವನ ಕಾಲು ನಿಂತಿತ್ತು. ನೋಡಿದರೆ ಕೂತಲ್ಲೇ ನಿದ್ದೆ ಮಾಡುತ್ತಿದ್ದ. ತಕ್ಷಣ ನಿಮಿಷ ನೋಡಿ ಉಸಿರು ಎಣಿಸಿದೆ. ಹದಿನಾಲ್ಕು. ಮತ್ತೊಮ್ಮೆ ಎಣಿಸಿದೆ.

ಬುಪ್ರೆನಾರ್ಫಿನ್ ಕೂಡ ಅಫೀಮಿನ ಜಾತಿಯದೇ. ಒಂದು ಬಿಡಿಸಿ ಇನ್ನೊಂದಕ್ಕೆ ಹಚ್ಚಿದರಲ್ಲ ಅಂತ ಊರಲ್ಲಿ ಮಾತಾಡಿದರು. ನಾನು ಸುಮ್ಮನಿರಲಿಲ್ಲ, ಸಿಕ್ಕವರಿಗೆಲ್ಲ ಹೇಳಿದೆ. ಅದು ಮಿದುಳಿನ ಆ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಅಷ್ಟಾಗಿ ಅಮಲು ಏರಿಸುವುದಿಲ್ಲ, ಮೈನೋವು, ಹಂಬಲ ಇಳಿಸುತ್ತದೆ. ಒಂದು ಮಟ್ಟ ದಾಟಿದ ಮೇಲೆ ಹೆಚ್ಚು ತಿಂದರೂ ಹೆಚ್ಚು ಕೆಲಸ ಮಾಡುವುದಿಲ್ಲ. ಯಾರಾದರೂ ಅದನ್ನೇ ಚುಚ್ಚಿಕೊಳ್ಳಲು ಹೋದರೆ ಜೊತೆಗಿರುವ ನಾಲಾಕ್ಸೋನ್ ಎದ್ದು ವಿತ್‌ಡ್ರಾವಲ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಶುಗರ್ ಇರುವವರಿಗೆ ಇನ್ಸುಲಿನ್ ಕೊಟ್ಟರೆ ಯಾರಾದರೂ ಚಟ ಹಚ್ಚಿದರು ಅಂತಾರಾ?

ಎರಡು ವಾರ ಅಲ್ಲೇ ಅವನ ಜೊತೆ ಇದ್ದೆ. ಅಂಗಡಿ ಯಜಮಾನರು ಏನೂ ಕೇಳದೆ 'ಹೋಗಿ ಬಾರಮ್ಮ' ಅಂದಿದ್ದರು. ವಾರ್ಡಿನಲ್ಲಿ ಕುಡಿತಕ್ಕೆ ಬಂದವರೇ ಜಾಸ್ತಿ. ದಾವಣಗೆರೆ ಕಡೆಯ ಮೇಷ್ಟ್ರು ಒಬ್ಬರಿದ್ದರು, ಅವರ ಹೆಂಡತಿಯೂ ನಾನೂ ಒಟ್ಟಿಗೆ ಕಾಫಿಗೆ ಹೋಗುತ್ತಿದ್ದೆವು. ನಮ್ಮನೆಗೆ ಮಾತ್ರ ಯಾಕೆ ಹೀಗಾಯಿತು ಅಂತ ಇಬ್ಬರೂ ಅಂದುಕೊಂಡಿದ್ದವರೇ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿ 2019ರಲ್ಲಿ ಹೊರತಂದ ಸಮೀಕ್ಷೆಯ ಅಂಕಿಗಳನ್ನು ನಾನು ಅಲ್ಲೇ ಮೊದಲು ಓದಿದ್ದು. ಮದ್ಯ ಕುಡಿಯುವವರು ದೇಶದಲ್ಲಿ ಸುಮಾರು 16 ಕೋಟಿ. ಅಫೀಮು ಮತ್ತು ಅದರ ಜಾತಿಯವನ್ನು ಬಳಸುವವರು 2.26 ಕೋಟಿ. ಅವರಲ್ಲಿ ಸುಮಾರು 77 ಲಕ್ಷ ಜನಕ್ಕೆ ಚಿಕಿತ್ಸೆಯ ಅಗತ್ಯ ಇದೆ. ಚುಚ್ಚಿಕೊಳ್ಳುವವರು ಎಂಟೂವರೆ ಲಕ್ಷ. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ. ಆ ಕೊನೆಯ ಸಾಲನ್ನು ಮೇಷ್ಟ್ರ ಹೆಂಡತಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಲೋಟ ಹಿಡಿದುಕೊಂಡೇ ಇದ್ದು, 'ಉಳಿದ ಮೂವತ್ತೇಳು ಮನೆ ಹೆಂಗಸರು ಏನ್ ಮಾಡ್ತಿರ್ತಾರೆ ಈಗ?' ಅಂದರು.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಮಾತ್ರೆ. ಡಬ್ಬಿ ನನ್ನ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಇದು ಅವನೇ ಒಪ್ಪಿದ ಷರತ್ತು. ಅವನು ಬಾಯಿ ಒದ್ದೆ ಮಾಡಿಕೊಂಡು ಅಡುಗೆಮನೆ ಕಟ್ಟೆ ಮೇಲೆ ಕೂರುತ್ತಾನೆ. ನಾನು ಮಾತ್ರೆ ಕೊಡುತ್ತೇನೆ. ಕರಗೋಕೆ ಸುಮಾರು 10 ನಿಮಿಷ. ಅಷ್ಟು ಹೊತ್ತು ಅವನು ಮಾತಾಡುವ ಹಾಗಿಲ್ಲ.

ಮೊದಮೊದಲು ನಾನು ಪೊಲೀಸಿನವಳ ಹಾಗೆ ಅವನ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಒಂದು ದಿನ ಅಕ್ಕಿರೊಟ್ಟಿ ತಟ್ಟುತ್ತಾ ನನ್ನಷ್ಟಕ್ಕೆ ಮಾತಾಡತೊಡಗಿದೆ. ಅಪ್ಪ ಬೇಲೂರು ಸಂತೆಯಿಂದ ಬರುವಾಗ ಬೆಂಡು ಬತ್ತಾಸು ತರುತ್ತಿದ್ದುದು. ಕಣದಲ್ಲಿ ಕಾಫಿ ಒಣಗಿಸುವಾಗ ಇಬ್ಬರೂ ಬರಿಗಾಲಲ್ಲಿ ಗೆರೆ ಎಳೆಯುತ್ತಿದ್ದುದು. ಅವತ್ತು ಬೆಳಗಿನ ಜಾವ ಬಾಗಿಲ ಹಿಂದೆ ನಿಂತಿದ್ದಕ್ಕೆ ಕ್ಷಮೆ ಕೇಳಿದ್ದೂ ಅಂಥ ಒಂದು ಹತ್ತು ನಿಮಿಷದಲ್ಲೇ. ಅವನಿಗೆ ಬಾಯಿ ಬಿಡುವ ಹಾಗಿಲ್ಲ. ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದ, ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಹಿಡಿದುಕೊಳ್ಳುತ್ತಿದ್ದ ಹಾಗೆ. ಕರಗಿದ ಮೇಲೂ ಏನೂ ಹೇಳಲಿಲ್ಲ. ಮಗುಚದೆ ಸೀದುಹೋಗಿದ್ದ ರೊಟ್ಟಿಯನ್ನು ತಾನೇ ತಟ್ಟೆಗೆ ಹಾಕಿಕೊಂಡು ತಿಂದ.

ದಾರಿ ನೆಟ್ಟಗೇನೂ ಇರಲಿಲ್ಲ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಿತ್ತು. ವರ್ಷಕ್ಕೊಮ್ಮೆ ಸಿಗುವ ದರ್ಶನ. ಅವ್ವ ಹರಕೆ ಹೊತ್ತು ಸಾಲಿನಲ್ಲಿ ನಿಂತಿದ್ದರು. ಅದೇ ವಾರ ಹಳೆಯ ಗೆಳೆಯ ಸಿಕ್ಕಿ ಎರಡು ದಿನ ತಮ್ಮ ತಪ್ಪಿದ. ಮೂರನೇ ದಿನ ರಾತ್ರಿ ತಾನೇ ಬಂದು ಹೇಳಿದ. ಮೊದಲಾಗಿದ್ದರೆ ನಾನು ಕೂಗಾಡುತ್ತಿದ್ದೆ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಈ ಕಾಯಿಲೆಯಲ್ಲಿ ಮರಳಿ ಬೀಳೋದು ಸಾಮಾನ್ಯ, ಮುಚ್ಚಿಡದ ಹಾಗೆ ನೋಡಿಕೊಳ್ಳಿ ಅಂತ. ಮಾರನೇ ದಿನ ಒಪಿಡಿಗೆ ಹೋದೆವು. ಡೋಸ್ ಸ್ವಲ್ಪ ಏರಿಸಿದರು. ಅವನು ಸಿಮ್ ಬದಲಾಯಿಸಿದ, ಗಾಡಿ ಸ್ಟ್ಯಾಂಡೂ ಬದಲಾಯಿಸಿದ. ಅವ್ವನಿಗೆ ಇದನ್ನು ಹೇಳಲಿಲ್ಲ. ಹರಕೆ ಫಲಿಸಿತು ಅಂತಲೇ ಅವರು ನಂಬಿದ್ದಾರೆ.

ಈಗ 2025ರ ಜನವರಿ. ಮಾತ್ರೆ ಇನ್ನೂ ಇದೆ, ಡೋಸ್ ಇಳಿಯುತ್ತಾ ಬಂದಿದೆ. ಯಾವಾಗ ಪೂರ್ತಿ ನಿಲ್ಲಿಸುವುದು ಅಂತ ನಾವು ಅವಸರ ಮಾಡುವುದಿಲ್ಲ. ಪ್ರತಿ ಮಂಗಳವಾರ ಇಲ್ಲಿನ ಒಪಿಡಿಗೆ ಕೌನ್ಸೆಲಿಂಗ್‌ಗೆ ಹೋಗುತ್ತಾನೆ. ಭಾನುವಾರ ಊರಿಗೆ ಹೋಗಿ ಅವ್ವನ ಜೊತೆ ಕಾಫಿ ಕೊಯ್ಯುತ್ತಾನೆ. ಎಡಗೈ ಗಾಯ ಮಾಗಿ ಬಿಳಿ ಕಲೆಯಾಗಿದೆ. ಅರ್ಧ ತೋಳಿನ ಅಂಗಿ ಹಾಕುತ್ತಾನೆ.

ಹೋದ ವಾರ ರಾತ್ರಿ ಎಂಟರ ಹೊತ್ತಿಗೆ ಅಂಗಡಿಗೆ ಒಬ್ಬ ಹುಡುಗ ಬಂದ. ಇಪ್ಪತ್ತು ತುಂಬಿರಲಿಕ್ಕಿಲ್ಲ. ತುಂಬು ತೋಳು. ಅದೇ ಮಾತ್ರೆ ಕೇಳಿದ. ಕೊಡುವುದಿಲ್ಲ ಅಂದೆ, ಆದರೆ ನಡಿ ಅನ್ನಲಿಲ್ಲ. ಬಿಲ್ ಪುಸ್ತಕದ ಹಿಂದಿನ ಹಾಳೆ ಹರಿದು 14446 ಅಂತ ಬರೆದೆ. ವ್ಯಸನದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಅದರ ಕೆಳಗೆ 14416 ಬರೆದೆ, ಟೆಲಿ ಮನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ ಅಂದೆ. ಒಪಿಡಿ ಎಲ್ಲಿದೆ ಅಂತಲೂ ಹೇಳಿದೆ.

'ಪೊಲೀಸಿರ್ತಾರಾ ಅಲ್ಲಿ?'

'ಇರಲ್ಲ ಕಣಪ್ಪ. ಮಂಗಳವಾರ ಒಂಬತ್ತು ಗಂಟೆಗೆ ನನ್ನ ತಮ್ಮ ಚೀಟಿ ಕೌಂಟರ್ ಹತ್ರ ನಿಂತಿರ್ತಾನೆ. ನೀಲಿ ಸ್ವೆಟರ್. ಒಬ್ನೇ ಹೋಗ್ಬೇಡ, ಅವನ ಜೊತೆ ಹೋಗು.'

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಫೋನಿನ ಕವರ್ ಒಳಗೆ ಇಟ್ಟುಕೊಂಡು ಹೋದ.

ಮಂಗಳವಾರ ಹನ್ನೊಂದಕ್ಕೆ ತಮ್ಮನ ಫೋನ್ ಬಂತು. ಒಂಬತ್ತರಿಂದ ಹತ್ತೂವರೆವರೆಗೆ ಅಲ್ಲೇ ನಿಂತಿದ್ದನಂತೆ. 'ಬರಲಿಲ್ಲ ಅಕ್ಕ. ಮುಂದಿನ ಮಂಗಳವಾರ ಹೆಂಗಿದ್ರೂ ಬರ್ತೀನಲ್ಲ, ಸ್ವಲ್ಪ ಬೇಗನೇ ಬಂದು ನಿಂತಿರ್ತೀನಿ. ಸ್ವೆಟರ್ ಇದೇ ಇರ್ಲಾ?'

ಇದೇ ಇರಲಿ ಅಂದೆ.